ನೀರಿನ ಜಾಡು ಹಿಡಿದು ಮೇಲುಕೋಟೆ: ಬೆಟ್ಟದ ಮೇಲಿನ ಊರಿಗೂ ಸುತ್ತಲ ಸೀಮೆಗೂ ಎರಡು ದಿನದ ಮಾರ್ಗದರ್ಶಿ

ಮೇಲುಕೋಟೆಗೆ ಹೋಗುವ ಬಹಳಷ್ಟು ಜನ ಅದನ್ನು ಮೂರು ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ಕಾರು ನಿಲ್ಲಿಸಿ, ಮೆಟ್ಟಿಲು ಹತ್ತಿ ನರಸಿಂಹಸ್ವಾಮಿಗೆ ಕೈಮುಗಿದು, ಇಳಿದು ಚೆಲುವನಾರಾಯಣನ ದರ್ಶನ ಮಾಡಿ, ಕಲ್ಯಾಣಿಯ ಮುಂದೆ ಫೋಟೊ ತೆಗೆಸಿಕೊಂಡು, ಪುಳಿಯೋಗರೆ ಕಟ್ಟಿಸಿಕೊಂಡು ಶ್ರೀರಂಗಪಟ್ಟಣದ ಕಡೆ ಹೊರಟುಬಿಡುತ್ತಾರೆ. ದೇವರ ದರ್ಶನ ಆಯಿತು ನಿಜ, ಆದರೆ ಊರು ಕಾಣಲಿಲ್ಲ.

ಈ ಊರನ್ನು ಕಾಣಲು ಒಂದು ಸುಲಭದ ದಾರಿ ಇದೆ: ನೀರಿನ ಹಿಂದೆ ಹೋಗುವುದು. ಹೊಳೆ ಇಲ್ಲದ, ಬರೀ ಬಂಡೆಯ ಬೆಟ್ಟದ ಮೇಲೆ ಒಂದು ದೊಡ್ಡ ಕ್ಷೇತ್ರ ಸಾವಿರ ವರ್ಷದ ಹತ್ತಿರ ಬಾಳಿ ಬಂದಿದೆ ಎಂದರೆ ಅದಕ್ಕೆ ಕಾರಣ ಮಳೆಯ ಹನಿಯನ್ನು ಹಿಡಿದಿಟ್ಟ ಕೊಳಗಳು. ಇಲ್ಲಿ ನೂರೆಂಟು ಕೊಳಗಳಿದ್ದವೆಂದು ಊರಿನವರು ಹೇಳುತ್ತಾರೆ. ಎಲ್ಲವನ್ನೂ ನೋಡಬೇಕಾಗಿಲ್ಲ. ಕಲ್ಯಾಣಿ, ಅಕ್ಕ-ತಂಗಿ ಕೊಳ, ಧನುಷ್ಕೋಟಿ, ಕೆಳಗಿಳಿದ ಮೇಲೆ ತೊಣ್ಣೂರು ಕೆರೆ, ಇಷ್ಟನ್ನು ಜೋಡಿಸಿಕೊಂಡು ನಡೆದರೆ ದೇವಸ್ಥಾನ, ಬೀದಿ, ಕಾಡು, ಹೊಲ ಎಲ್ಲವೂ ದಾರಿಯಲ್ಲೇ ಸಿಗುತ್ತವೆ.

ಯಾವಾಗ ಹೋಗಬೇಕು

ಮಂಡ್ಯ ಸೀಮೆಗೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿ ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಕೊಳಗಳು ತುಂಬಿರುತ್ತವೆ, ಬೆಟ್ಟ ಹಸಿರಾಗಿರುತ್ತದೆ, ಬಿಸಿಲೂ ಹಿತವಾಗಿರುತ್ತದೆ. ನನ್ನನ್ನು ಕೇಳಿದರೆ ಕಾರ್ತಿಕ ಮಾಸವೇ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಕಾಯುತ್ತದೆ. ಬರಿಗಾಲಲ್ಲಿ ಮೆಟ್ಟಿಲು ಹತ್ತುವುದು ಮಕ್ಕಳಿಗೂ ಹಿರಿಯರಿಗೂ ಶಿಕ್ಷೆಯಾಗುತ್ತದೆ.

ವಾರದ ನಡುವಿನ ಎರಡು ದಿನ ಆರಿಸಿಕೊಳ್ಳಿ. ಶನಿವಾರ, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಬೀದಿಗಳು ಕಾರುಗಳಿಂದ ತುಂಬಿಹೋಗುತ್ತವೆ. ವೈರಮುಡಿ ಉತ್ಸವಕ್ಕೆ ಬರುವವರ ಲೆಕ್ಕಾಚಾರವೇ ಬೇರೆ. ಅದನ್ನು ಕೊನೆಯಲ್ಲಿ ಬರೆದಿದ್ದೇನೆ.

ತಲುಪುವುದು, ಉಳಿಯುವುದು

ಮೇಲುಕೋಟೆ ಇರುವುದು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿ. ಮೈಸೂರಿನಿಂದ ಸುಮಾರು 50 ಕಿಲೋಮೀಟರ್, ಮಂಡ್ಯದಿಂದ 40ಕ್ಕಿಂತ ಕಡಿಮೆ, ಬೆಂಗಳೂರಿನಿಂದ 150ರ ಆಸುಪಾಸು. ಬಸ್ಸಿನಲ್ಲಿ ಬರುವವರಿಗೆ ಮೈಸೂರಿನಿಂದಲೂ ಮಂಡ್ಯದಿಂದಲೂ ಕೆ.ಎಸ್.ಆರ್.ಟಿ.ಸಿ. ಬಸ್ಸುಗಳಿವೆ. ರೈಲಿನಲ್ಲಾದರೆ ಮಂಡ್ಯದಲ್ಲಿ ಇಳಿದು ಬಸ್ಸು ಹಿಡಿಯುವುದು ಸಲೀಸು. ಪಾಂಡವಪುರದಲ್ಲೂ ರೈಲು ನಿಲ್ದಾಣವಿದೆ, ಆದರೆ ಅದು ಊರಿನಿಂದ ದೂರ. ಅಲ್ಲಿಂದ ಮುಂದಕ್ಕೆ ಆಟೊ, ಬಸ್ಸು ಎಂದು ಬದಲಾಯಿಸಬೇಕಾಗುತ್ತದೆ.

ಸ್ವಂತ ಗಾಡಿಯಲ್ಲಿ ಬರುವವರಿಗೆ ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ಮಾರ್ಗವನ್ನು ಹೇಳುತ್ತೇನೆ. ಸ್ವಲ್ಪ ಸುತ್ತಾದರೂ ಪರವಾಗಿಲ್ಲ. ಮೊದಲು ನಾಲೆಯ ನೀರು ಕುಡಿದ ಕಬ್ಬು, ಭತ್ತದ ಗದ್ದೆಗಳು. ಆಮೇಲೆ ರಾಗಿ, ಹುರುಳಿಯ ಹೊಲಗಳು. ಜಕ್ಕನಹಳ್ಳಿ ದಾಟಿ ಏರು ಹತ್ತಿದಂತೆ ಬಂಡೆ ಮತ್ತು ಕುರುಚಲು ಕಾಡು. ನೀರಾವರಿ ಎಲ್ಲಿ ನಿಂತಿತು, ಮಳೆಯನ್ನೇ ನಂಬಿದ ನೆಲ ಎಲ್ಲಿ ಶುರುವಾಯಿತು ಎಂಬುದು ಕಿಟಕಿಯಿಂದಲೇ ತಿಳಿಯುತ್ತದೆ. ಇದನ್ನು ನೋಡಿಕೊಂಡು ಬಂದವರಿಗೆ ಮೇಲಿನ ಕೊಳಗಳ ಬೆಲೆ ಹೇಳಿಕೊಡಬೇಕಾಗಿಲ್ಲ.

ಉಳಿಯಲು ಮಠಗಳ, ಸಮುದಾಯಗಳ ಛತ್ರಗಳಿವೆ, ಕೆಲವು ವಸತಿಗೃಹಗಳೂ ಇವೆ. ಐಷಾರಾಮದ ಹೋಟೆಲು ಹುಡುಕಬೇಡಿ. ಮೊದಲೇ ಫೋನು ಮಾಡಿ ಕೋಣೆ ಗೊತ್ತುಮಾಡಿಕೊಂಡು ಹೊರಡಿ. ರಾತ್ರಿ ಉಳಿಯದೆ ಮೈಸೂರಿಗೆ ಹೋಗಿ ಮಲಗಿ ಮತ್ತೆ ಬರುತ್ತೇವೆ ಎನ್ನುವವರಿಗೆ ನನ್ನ ಕೋರಿಕೆ ಒಂದೇ: ಹಾಗೆ ಮಾಡಬೇಡಿ. ಇಲ್ಲಿಯ ಮುಸ್ಸಂಜೆ ಮತ್ತು ಮುಂಜಾವು ಅಷ್ಟು ಒಳ್ಳೆಯವು.

ಮೊದಲ ದಿನ, ಸಂಜೆ: ಕಲ್ಯಾಣಿಯಿಂದ ಶುರುಮಾಡಿ

ಮಧ್ಯಾಹ್ನ ಮೂರು, ನಾಲ್ಕರ ಹೊತ್ತಿಗೆ ತಲುಪಿ, ಚೀಲ ಇಟ್ಟು, ನೇರ ಕಲ್ಯಾಣಿಗೆ ನಡೆಯಿರಿ. ಯೋಗನರಸಿಂಹನ ಬೆಟ್ಟದ ಬುಡದಲ್ಲಿರುವ ಈ ಪುಷ್ಕರಣಿಯ ಸುತ್ತ ಕಂಬಸಾಲಿನ ಮಂಟಪಗಳಿವೆ. ಸಿನಿಮಾಗಳಲ್ಲಿ ನೀವು ಇದನ್ನು ಎಷ್ಟೋ ಸಲ ನೋಡಿರುತ್ತೀರಿ. ಕ್ಯಾಮೆರಾ ತೆಗೆಯುವ ಮೊದಲು ಒಂದು ಸುತ್ತು ಹಾಕಿ. ಮೇಲೆ ಕಾಣುವ ಬೋಳು ಬಂಡೆಯ ಮೇಲೆ ಬಿದ್ದ ಮಳೆಗೆ ಇಂಗಲು ಮಣ್ಣಿಲ್ಲ. ಅದು ಹರಿದು ಇಳಿಜಾರಿಗೆ ಬರಲೇಬೇಕು. ಆ ಇಳಿಜಾರಿನ ತುದಿಯಲ್ಲಿ ಕೊಳ ಕಟ್ಟಿದ್ದಾರೆ. ನೀರು ಎಷ್ಟೇ ಇಳಿದರೂ ಕೈಗೆ ಸಿಗಬೇಕೆಂದು ನಾಲ್ಕೂ ಕಡೆ ಮೆಟ್ಟಿಲು. ಪಕ್ಕದ ಭುವನೇಶ್ವರಿ ಮಂಟಪದ ಕಂಬಗಳನ್ನು ಸಂಜೆಯ ಓರೆ ಬಿಸಿಲಿನಲ್ಲಿ ನೋಡಬೇಕು.

ಇಲ್ಲಿ ಎರಡು ಎಚ್ಚರಿಕೆ. ಮೆಟ್ಟಿಲು ಪಾಚಿಗಟ್ಟಿರುತ್ತದೆ, ಮಕ್ಕಳ ಕೈ ಬಿಡಬೇಡಿ. ಸೋಪು, ಶಾಂಪೂ, ಹೂವಿನ ಪ್ಲಾಸ್ಟಿಕ್ ಚೀಲ ಯಾವುದೂ ನೀರಿಗೆ ಹೋಗಕೂಡದು. ಇದು ಹರಿಯುವ ನೀರಲ್ಲ. ನೀವು ಹಾಕಿದ್ದು ಮುಂದಿನ ಮಳೆಗಾಲದವರೆಗೂ ಅಲ್ಲೇ ಇರುತ್ತದೆ.

ಅಲ್ಲಿಂದ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ನಿಧಾನವಾಗಿ ನಡೆಯಿರಿ. ಜಗುಲಿಯ ಹಳೆಯ ಮನೆಗಳು, ಬಾಗಿಲ ಮುಂದೆ ರಂಗೋಲಿ, ಒಳಗಿನಿಂದ ಬರುವ ಪಾಠದ ದನಿ. ಜಗುಲಿಯಲ್ಲಿ ಕುಳಿತ ಅಜ್ಜ ಅಜ್ಜಿಯರಿಗೆ ನಮಸ್ಕಾರ ಹೇಳಿದರೆ ಮಾತು ತಾನಾಗಿ ಬೆಳೆಯುತ್ತದೆ. ಕೇಳದೆ ಅವರ ಫೋಟೊ ತೆಗೆಯಬೇಡಿ, ತೆರೆದ ಬಾಗಿಲೆಂದು ಒಳಗೆ ಇಣುಕಬೇಡಿ. ಅದು ಜನ ಬಾಳುತ್ತಿರುವ ಮನೆ.

ರಾತ್ರಿ ಊಟಕ್ಕೆ ಮುಂಚೆ ಒಂದು ಕೆಲಸ ಮಾಡಿ: ಮರುದಿನ ಎರಡೂ ದೇವಸ್ಥಾನಗಳ ಬಾಗಿಲು ಎಷ್ಟು ಹೊತ್ತಿಗೆ ತೆಗೆಯುತ್ತಾರೆ, ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಎಂದು ಕೇಳಿಕೊಳ್ಳಿ. ಎರಡಕ್ಕೂ ವೇಳೆ ಬೇರೆ. ಮಧ್ಯಾಹ್ನ ಎರಡೂ ಮುಚ್ಚಿರುತ್ತವೆ, ಉತ್ಸವವಿದ್ದರೆ ಎಲ್ಲವೂ ಏರುಪೇರಾಗುತ್ತದೆ.

ಎರಡನೆಯ ದಿನ, ಬೆಳಗ್ಗೆ: ಮೊದಲು ಬೆಟ್ಟ

ಸೂರ್ಯ ಹುಟ್ಟುವ ಮೊದಲೇ ಮೆಟ್ಟಿಲ ಬುಡದಲ್ಲಿರಿ. ಗುಡಿಯ ಬಾಗಿಲು ಆಗ ತೆಗೆದಿರುವುದಿಲ್ಲ, ಚಿಂತೆಯಿಲ್ಲ. ಮುನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ನಡುನಡುವೆ ಕಲ್ಲಿನ ಮಂಟಪಗಳಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದು. ಮಂಡಿನೋವು ಇರುವವರನ್ನು ವಾಹನದಲ್ಲಿ ಒಂದಷ್ಟು ಎತ್ತರದವರೆಗೆ ಕರೆದೊಯ್ಯಬಹುದು, ಆಗ ಹತ್ತುವ ಮೆಟ್ಟಿಲು ಕಡಿಮೆಯಾಗುತ್ತದೆ.

ಮೇಲೆ ನಿಂತು ಊರನ್ನು ಓದಿಕೊಳ್ಳಿ. ಕಲ್ಯಾಣಿ ಚೌಕವಾಗಿ ಕೆಳಗೆ, ಅದರಾಚೆ ಚೆಲುವನಾರಾಯಣನ ಗೋಪುರ, ಗೋಪುರವನ್ನು ಸುತ್ತಿದ ಬೀದಿಗಳು, ಬಂಡೆಗಳ ನಡುವೆ ಅಲ್ಲಲ್ಲಿ ಮಿಂಚುವ ಸಣ್ಣ ಕೊಳಗಳು, ಬಯಲಿನಲ್ಲಿ ಕೆರೆಗಳು. ನಿನ್ನೆ ನಡೆದದ್ದೂ ಇವತ್ತು ನಡೆಯಬೇಕಾದದ್ದೂ ಒಂದೇ ನೋಟದಲ್ಲಿ ಸಿಗುತ್ತದೆ. ಇಲ್ಲಿಯ ನರಸಿಂಹನನ್ನು ಪ್ರಹ್ಲಾದನೇ ಪ್ರತಿಷ್ಠೆ ಮಾಡಿದನೆಂದು ಸ್ಥಳಪುರಾಣ. ಟಿಪ್ಪು ಸುಲ್ತಾನ್ ಕೊಟ್ಟದ್ದೆಂದು ಹೇಳುವ ದೊಡ್ಡ ನಗಾರಿಯೊಂದು ಗುಡಿಯಲ್ಲಿದೆ. ಒಳಗೆ ಹೋದಾಗ ಕೇಳಿ ನೋಡಿ.

ಕೋತಿಗಳ ಕಾಟ ಇದ್ದೇ ಇದೆ. ಬಾಳೆಹಣ್ಣು, ತೆಂಗಿನಕಾಯಿ, ತಿಂಡಿಯ ಪೊಟ್ಟಣ ಕೈಯಲ್ಲಿ ಕಾಣುವಂತೆ ಹಿಡಿಯಬೇಡಿ. ಕನ್ನಡಕ, ಮೊಬೈಲು ಜೋಪಾನ. ಅವು ಎದುರು ನಿಂತರೆ ಹಲ್ಲು ತೋರಿಸಿ ನಗಬೇಡಿ, ಕೋಲೆತ್ತಬೇಡಿ. ಸುಮ್ಮನೆ ಪಕ್ಕಕ್ಕೆ ಸರಿಯಿರಿ.

ಚೆಲುವನಾರಾಯಣನ ಗುಡಿಯಲ್ಲಿ ಏನು ನೋಡಬೇಕು

ಇಲ್ಲಿ ಅವಸರ ಮಾಡಬೇಡಿ. ಈ ಊರಿನ ಕಥೆ ಪೂರ್ತಿ ಈ ಗೋಡೆಗಳೊಳಗೆ ಇದೆ.

ಚೋಳ ದೊರೆಯ ಕಿರುಕುಳದಿಂದ ಶ್ರೀರಂಗ ಬಿಟ್ಟು ಬಂದ ರಾಮಾನುಜಾಚಾರ್ಯರು ಹೊಯ್ಸಳ ಸೀಮೆಯಲ್ಲಿ ನೆಲೆ ಕಂಡರು. ದೊರೆ ವಿಷ್ಣುವರ್ಧನ ಅವರಿಗೆ ಆಸರೆಯಾದ. ಹುತ್ತದೊಳಗೆ ಹುದುಗಿದ್ದ ನಾರಾಯಣನ ಮೂರ್ತಿಯನ್ನು ಅವರು ತುಳಸಿಯ ಗುರುತು ಹಿಡಿದು ಹೊರತೆಗೆದು ಪ್ರತಿಷ್ಠೆ ಮಾಡಿದರೆಂದೂ ಹನ್ನೆರಡು ವರ್ಷ ಇಲ್ಲಿದ್ದರೆಂದೂ ಸಂಪ್ರದಾಯ ಹೇಳುತ್ತದೆ. ಹಣೆಗೆ ನಾಮ ಇಡುವ ಬಿಳಿಯ ಮಣ್ಣು ಕೂಡ ಈ ಬೆಟ್ಟದಲ್ಲೇ ಸಿಗುತ್ತದೆ.

ಒಳಗೆ ಮೂರು ಕಡೆ ನಿಲ್ಲಿ. ಮೊದಲನೆಯದು ರಾಮಾನುಜರ ಸನ್ನಿಧಿ. ಅವರು ಊರು ಬಿಟ್ಟು ಹೊರಟಾಗ ಶಿಷ್ಯರ ದುಃಖ ನೋಡಲಾರದೆ ತಮ್ಮ ಪ್ರತಿಮೆಯನ್ನೇ ತಬ್ಬಿ ಶಕ್ತಿ ತುಂಬಿ ಕೊಟ್ಟುಹೋದರಂತೆ. ಶ್ರೀವೈಷ್ಣವರು ಇದನ್ನು ತಮಿಳಿನಲ್ಲಿ ‘ತಮರ್ ಉಗಂದ ತಿರುಮೇನಿ’, ಅಂದರೆ ತಮ್ಮವರು ಮೆಚ್ಚಿದ ದಿವ್ಯಮೂರ್ತಿ, ಎನ್ನುತ್ತಾರೆ.

ಎರಡನೆಯದು ಉತ್ಸವಮೂರ್ತಿಯ ಮುಂದೆ. ಚೆಲುವಪಿಳ್ಳೆ ಎಂದು ಮುದ್ದಿನಿಂದ ಕರೆಯುವ ಈ ಮೂರ್ತಿ ದೆಹಲಿಯ ಸುಲ್ತಾನನ ಅರಮನೆ ಸೇರಿತ್ತು, ಅಲ್ಲಿ ಅವನ ಮಗಳ ಆಟದ ಗೊಂಬೆಯಾಗಿತ್ತು, ರಾಮಾನುಜರು ಕರೆದಾಗ ಗೆಜ್ಜೆ ಸದ್ದು ಮಾಡುತ್ತ ಬಂದು ತೊಡೆಯೇರಿತು, ಅಗಲಿಕೆ ತಾಳದ ರಾಜಕುಮಾರಿ ಹಿಂದೆಯೇ ಮೇಲುಕೋಟೆಗೆ ಬಂದು ಅವನ ಪಾದದಲ್ಲಿ ಐಕ್ಯಳಾದಳು ಎಂದು ಕಥೆ. ಬೀಬಿ ನಾಚಿಯಾರ್ ಎಂಬ ಹೆಸರಿನಿಂದ ಅವಳಿಗೆ ಇಂದಿಗೂ ಪೂಜೆ ಸಲ್ಲುತ್ತದೆ. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ, ರಾಮಾನುಜರ ಕಾಲವಾದ ಮೇಲೆ. ಇತಿಹಾಸದ ಲೆಕ್ಕಕ್ಕೆ ಇದು ಹೊಂದುವುದಿಲ್ಲ. ಆದರೂ ಒಬ್ಬ ಮುಸ್ಲಿಂ ಹುಡುಗಿಯ ಭಕ್ತಿಗೆ ದೇವರ ಪಾದದಲ್ಲೇ ಜಾಗ ಕೊಟ್ಟು ನೂರಾರು ವರ್ಷ ಆ ಜಾಗವನ್ನು ಕಾಪಾಡಿಕೊಂಡು ಬಂದ ಊರು ಇದು. ನನಗೆ ಮೇಲುಕೋಟೆಯ ಮೇಲಿರುವ ಗೌರವದಲ್ಲಿ ದೊಡ್ಡ ಪಾಲು ಇದರದ್ದು. ದೆಹಲಿಯಿಂದ ಮೂರ್ತಿಯನ್ನು ತರುವಾಗ ನೆರವಾದರೆಂದು ಅಸ್ಪೃಶ್ಯರೆನಿಸಿದ್ದವರನ್ನು ರಾಮಾನುಜರು ತಿರುಕುಲದವರು, ಅಂದರೆ ಪವಿತ್ರ ಕುಲದವರು, ಎಂದು ಕರೆದು, ವರ್ಷದಲ್ಲಿ ಕೆಲವು ದಿನ ದೇವಸ್ಥಾನದೊಳಗೆ ಪ್ರವೇಶ ಕೊಟ್ಟರೆಂಬುದನ್ನೂ ಜೊತೆಗೆ ನೆನೆಯಬೇಕು. ಕೆಲವೇ ದಿನ ಎಂಬುದು ಇಂದಿನ ಕಣ್ಣಿಗೆ ಸಾಲದು. ಆ ಕಾಲಕ್ಕೆ ಅದು ಸಣ್ಣದಾಗಿರಲಿಲ್ಲ.

ಮೂರನೆಯದು ನವರಂಗದ ಕಂಬಗಳು. ಕೈಮುಗಿದು ನಿಂತ ರಾಜ ಒಡೆಯರ ಭಕ್ತವಿಗ್ರಹವನ್ನು ಹುಡುಕಿ. 1578ರಿಂದ 1617ರವರೆಗೆ ಮೈಸೂರನ್ನು ಆಳಿದ ಈ ದೊರೆ ಚೆಲುವನಾರಾಯಣನಿಗೆ ರಾಜಮುಡಿ ಎಂಬ ಕಿರೀಟ ಒಪ್ಪಿಸಿದರು. ಕೊನೆಗೆ ಗರ್ಭಗುಡಿ ಹೊಕ್ಕು ದೇವರಲ್ಲಿ ಲೀನವಾದರೆಂದು ಜನ ನಂಬುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು ಕೊಟ್ಟ ಕೃಷ್ಣರಾಜಮುಡಿ ಇನ್ನೊಂದು.

ಪಂಚೆ, ಸೀರೆ, ಚೂಡಿದಾರ್‌ನಂಥ ಉಡುಗೆಯಲ್ಲಿ ಹೋಗಿ. ಒಳಗೆ ಫೋಟೊ ತೆಗೆಯಬೇಡಿ.

ಊಟ

ಪುಳಿಯೋಗರೆ ತಿನ್ನದೆ ಬರುವಂತಿಲ್ಲ. ಹುಣಸೆ, ಬೆಲ್ಲ, ಎಳ್ಳು, ಕೊಬ್ಬರಿ ಬೆರೆತ ಕಪ್ಪು ಗೊಜ್ಜಿನ ಅನ್ನ ಮತ್ತು ತುಪ್ಪ ಜಿನುಗುವ ಸಕ್ಕರೆ ಪೊಂಗಲ್, ಇವೆರಡೂ ದೇವಸ್ಥಾನದ ಸುತ್ತಲ ಸಣ್ಣ ಹೋಟೆಲುಗಳಲ್ಲಿ ಸಿಗುತ್ತವೆ. ಬೇಗ ಹೋಗಿ, ತಡವಾದರೆ ಮುಗಿದಿರುತ್ತದೆ. ಗೊಜ್ಜನ್ನು ಪ್ರತ್ಯೇಕವಾಗಿಯೂ ಮಾರುತ್ತಾರೆ. ಊರಿಗೆ ಒಯ್ಯುವುದಾದರೆ ಅದೇ ಒಳ್ಳೆಯದು, ಕಲಸಿದ ಅನ್ನ ದಾರಿಯಲ್ಲಿ ಗಟ್ಟಿಯಾಗುತ್ತದೆ.

ಮಧ್ಯಾಹ್ನ: ಗುಡಿ ಮುಚ್ಚಿದಾಗ ಊರು ತೆರೆಯುತ್ತದೆ

ಬಾಗಿಲು ಹಾಕಿರುವ ಹೊತ್ತನ್ನು ದಂಡ ಮಾಡಿಕೊಳ್ಳಬೇಡಿ. ಮೊದಲು ರಾಯಗೋಪುರಕ್ಕೆ ಹೋಗಿ. ಮುಗಿಲಿಗೆ ನಿಂತ ನಾಲ್ಕು ಭಾರಿ ಕಂಬಗಳ ಹೆಬ್ಬಾಗಿಲು, ಮೇಲೆ ಗೋಪುರವೇ ಇಲ್ಲ. ಕಟ್ಟಡ ಅರ್ಧಕ್ಕೆ ನಿಂತದ್ದರಿಂದ ಕಂಬ ಹೇಗೆ ನಿಲ್ಲಿಸಿದರು, ತೊಲೆ ಎಲ್ಲಿ ಕೂರಬೇಕಿತ್ತು ಎಂಬುದನ್ನು ನಾವೇ ಊಹಿಸಬಹುದು. ಹತ್ತಿರದಲ್ಲೇ ಅಕ್ಕ-ತಂಗಿ ಕೊಳ. ಒಂದರ ಪಕ್ಕ ಒಂದು, ನಡುವೆ ಸಣ್ಣ ಅಂತರ. ಒಂದರ ನೀರು ಕುಡಿಯಲು, ಇನ್ನೊಂದರದು ಬಳಕೆಗೆ ಎಂದು ಹೇಳುತ್ತಾರೆ. ಕುಡಿಯುವ ನೀರನ್ನೂ ತೊಳೆಯುವ ನೀರನ್ನೂ ಬೇರೆಬೇರೆ ಇಡುವ ಶಿಸ್ತನ್ನು ಕಲ್ಲಿನಲ್ಲಿ ಕಟ್ಟಿ, ಅದಕ್ಕೊಂದು ಅಕ್ಕತಂಗಿಯರ ಕಥೆಯನ್ನೂ ಸೇರಿಸಿದ್ದಾರೆ. ಇಂದು ಯಾವುದರ ನೀರನ್ನೂ ಕುಡಿಯಬೇಡಿ, ಬಾಟಲಿ ಜೊತೆಗಿರಲಿ.

ಆಮೇಲೆ ಕವಿ ಪು.ತಿ. ನರಸಿಂಹಾಚಾರ್ಯರ ಮನೆ. 1905ರಲ್ಲಿ ಇದೇ ಊರಲ್ಲಿ ಹುಟ್ಟಿದ ಪು.ತಿ.ನ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ‘ಗೋಕುಲ ನಿರ್ಗಮನ’ ಬರೆದವರಿಗೆ ಈ ಗುಡಿ, ಈ ಬೆಟ್ಟ, ಈ ಉತ್ಸವಗಳೇ ಮೊದಲ ಪಾಠಶಾಲೆ. ಅವರ ಪದ್ಯ ಓದಿಕೊಂಡಿದ್ದವರಿಗೆ ಆ ಸಣ್ಣ ಮನೆಯಲ್ಲಿ ಗಂಟೆ ಸಾಲದು. ಬಾಗಿಲು ತೆರೆದಿದೆಯೇ ಎಂದು ಬೀದಿಯಲ್ಲಿ ವಿಚಾರಿಸಿಕೊಂಡೇ ಹೋಗಿ.

ಸಂಸ್ಕೃತದಲ್ಲಿ ಆಸಕ್ತಿ ಇದ್ದವರಿಗೆ 1854ರಷ್ಟು ಹಳೆಯ ಪಾಠಶಾಲೆ, ಹಸ್ತಪ್ರತಿಗಳನ್ನು ಕೂಡಿಟ್ಟಿರುವ ಸಂಸ್ಕೃತ ಸಂಶೋಧನ ಸಂಸತ್ತು ಇವೆ. ಮೊದಲೇ ಅನುಮತಿ ಕೇಳಿದರೆ ಉಪಯೋಗ. ಕೈಮಗ್ಗ ನೋಡಬೇಕೆಂದರೆ ಗಾಂಧಿಮಾರ್ಗದ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಇಲ್ಲೇ ಇದೆ. ಅಲ್ಲಿ ಖಾದಿ ನೇಯುತ್ತಾರೆ, ಬಣ್ಣವನ್ನು ಗಿಡಮರಗಳಿಂದ ತೆಗೆಯುತ್ತಾರೆ. ಈ ಊರಿನಿಂದ ಒಂದು ವಸ್ತುವನ್ನೇ ಕೊಳ್ಳುವುದಾದರೆ ಅಲ್ಲಿಯ ಬಟ್ಟೆ ಕೊಳ್ಳಿ.

ಅಷ್ಟತೀರ್ಥಗಳ ದಾರಿ ಮತ್ತು ಕಾಡು

ಕಾಲಲ್ಲಿ ಕಸುವಿದ್ದವರಿಗೆ ಇದು ಮೇಲುಕೋಟೆಯ ಅತ್ಯಂತ ಸೊಗಸಾದ ಭಾಗ. ವೇದಪುಷ್ಕರಣಿ, ಧನುಷ್ಕೋಟಿ, ಯಾದವ, ದರ್ಭ, ಪಲಾಶ, ಪದ್ಮ, ಮೈತ್ರೇಯ, ನಾರಾಯಣ ಎಂಬ ಎಂಟು ತೀರ್ಥಗಳು ಬೆಟ್ಟದ ಮೈಮೇಲೆ ಚದುರಿಕೊಂಡಿವೆ. ಕಾರ್ತಿಕದಲ್ಲಿ ರಾಜಮುಡಿ ಉತ್ಸವದ ಹೊತ್ತಿಗೆ ಅಷ್ಟತೀರ್ಥೋತ್ಸವ ನಡೆಯುತ್ತದೆ. ಕಲ್ಯಾಣಿಯಿಂದ ಹೊರಟು ತೀರ್ಥದಿಂದ ತೀರ್ಥಕ್ಕೆ ನಡೆದು ಕೊನೆಗೆ ತೊಟ್ಟಿಲುಮಡುವಿಗೆ ತಲುಪುತ್ತಾರೆ. ಮಕ್ಕಳ ಹರಕೆ ಹೊತ್ತ ದಂಪತಿಗಳು ಅಲ್ಲಿ ಬಹಳ ಸೇರುತ್ತಾರೆ. ಗುರುತಿಲ್ಲದ ದಾರಿಯಲ್ಲಿ ಎಂಟನ್ನೂ ನೀವೇ ಹುಡುಕಲು ಹೋಗಬೇಡಿ. ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡು, ಅವರ ಕೂಲಿಯನ್ನು ಮೊದಲೇ ಮಾತಾಡಿಕೊಂಡು ಹೋಗಿ.

ಅಷ್ಟು ಪುರಸೊತ್ತಿಲ್ಲದಿದ್ದರೆ ಧನುಷ್ಕೋಟಿ ಒಂದನ್ನಾದರೂ ನೋಡಿ. ಬಾಯಾರಿದ ಸೀತೆಗಾಗಿ ರಾಮ ಬಾಣ ಹೂಡಿ ಬಂಡೆಯಿಂದ ನೀರು ಚಿಮ್ಮಿಸಿದ ಜಾಗವೆಂದು ನಂಬಿಕೆ. ಬಂಡೆಯ ಸಂದಿನಲ್ಲಿ ನೀರು, ಎದುರಿಗೆ ಬಯಲು ಬಿಚ್ಚಿಕೊಂಡ ನೋಟ.

ಸುತ್ತಲಿನ ಕಾಡು 1974ರಿಂದ ವನ್ಯಜೀವಿ ಧಾಮ, ಸುಮಾರು 50 ಚದರ ಕಿಲೋಮೀಟರ್. ತೋಳಗಳಿಗಾಗಿ ಕಾಯ್ದಿಟ್ಟ ಧಾಮ ಎಂಬುದು ಇದರ ಹಿರಿಮೆ. ಆನೆ, ಹುಲಿಗೆ ಸಿಗುವ ಹೆಸರು ತೋಳಕ್ಕೆ ಸಿಗುವುದಿಲ್ಲ. ಕುರಿಗಾಹಿಗಳ ಶಾಪವಷ್ಟೇ ಸಿಗುತ್ತದೆ. ಅಂಥ ಪ್ರಾಣಿಗೂ ಒಂದು ನೆಲೆ ಬೇಕೆಂದು ಯೋಚಿಸಿದವರಿದ್ದರು ಎಂಬುದು ನನಗೆ ಸಂತೋಷದ ವಿಷಯ. ನಿಮಗೆ ತೋಳ ಕಾಣಲಿಕ್ಕಿಲ್ಲ. ಕತ್ತಲಾಗುವ ಮುಂಚೆ ಊರು ಸೇರಿ, ಬೀಡಿ, ಸಿಗರೇಟಿನ ಕಿಡಿ ಬೀಳಿಸಬೇಡಿ. ಒಣಹುಲ್ಲಿಗೆ ಹತ್ತಿದರೆ ಬೆಟ್ಟವೇ ಉರಿಯುತ್ತದೆ. ನಾರಾಯಣದುರ್ಗದಂಥ ಒಳಗಿನ ಬೆಟ್ಟಗಳಿಗೆ ಹೋಗುವ ಮುನ್ನ ಅರಣ್ಯ ಇಲಾಖೆಯನ್ನು ವಿಚಾರಿಸಿ.

ಬೆಟ್ಟ ಇಳಿದ ಮೇಲೆ: ತೊಣ್ಣೂರು, ಆಲೆಮನೆ, ಕುಂತಿಬೆಟ್ಟ

ಹಿಂತಿರುಗುವಾಗ ಪಾಂಡವಪುರದ ದಾರಿಯಲ್ಲಿ ತೊಣ್ಣೂರಿಗೆ ತಿರುಗಿ. ಮೇಲುಕೋಟೆಯಿಂದ ಸುಮಾರು 20 ಕಿಲೋಮೀಟರ್. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಕೆರೆಯ ನೀರು ಎಷ್ಟು ತಿಳಿ ಎಂದರೆ, 1746ರಲ್ಲಿ ಇಲ್ಲಿಗೆ ಬಂದ ನಿಜಾಮನ ಮಗ ನಾಸಿರ್ ಜಂಗ್ ಇದನ್ನು ಮೋತಿ ತಲಾಬ್ ಎಂದು ಕರೆದ. ಈ ಏರಿಯನ್ನು ಕಟ್ಟಿಸಿದವರೂ ರಾಮಾನುಜರೇ ಎಂದು ಜನ ಹೇಳುತ್ತಾರೆ. ಊರಲ್ಲಿ ನಂಬಿನಾರಾಯಣ, ವೇಣುಗೋಪಾಲ, ಯೋಗನರಸಿಂಹ ಗುಡಿಗಳಿವೆ. ಯೋಗನರಸಿಂಹನ ಗುಡಿಯಲ್ಲಿ ಹೆಡೆಬಿಚ್ಚಿದ ಶೇಷನ ಕೆಳಗೆ ಕುಳಿತ ರಾಮಾನುಜರನ್ನು ನೋಡಿ: ಪರದೆಯ ಹಿಂದೆ ಆದಿಶೇಷನ ರೂಪ ತಾಳಿ ಸಾವಿರ ಜೈನ ಪಂಡಿತರಿಗೆ ಒಂದೇ ಹೊತ್ತಿಗೆ ಉತ್ತರ ಕೊಟ್ಟರೆಂಬ ಕಥೆಯ ರೂಪ ಅದು. ಕೆರೆ ಆಳವಾಗಿದೆ. ಎಷ್ಟೇ ತಿಳಿಯಾಗಿ ಕಂಡರೂ ಈಜಲು ಇಳಿಯಬೇಡಿ.

ಕಬ್ಬು ಕಡಿಯುವ ಕಾಲವಾದರೆ ದಾರಿಯಲ್ಲಿ ಹೊಗೆಯಾಡುವ ಆಲೆಮನೆಗಳು ಕಾಣುತ್ತವೆ. ಗಾಡಿ ನಿಲ್ಲಿಸಿ, ‘ನೋಡಬಹುದಾ ಅಣ್ಣ’ ಎಂದು ಕೇಳಿ, ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಗಾಣದಿಂದ ಇಳಿದ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತದೆ, ಒಲೆಗೆ ಒಣಗಿದ ಕಬ್ಬಿನ ಸಿಪ್ಪೆಯೇ ಸೌದೆ. ಮೇಲೆ ಬರುವ ನೊರೆ ತೆಗೆಯುತ್ತ, ಪಾಕ ಬಂದ ಕೂಡಲೇ ಇಳಿಸಿ ಅಚ್ಚಿಗೆ ಹಾಕುತ್ತಾರೆ. ಕೊಪ್ಪರಿಗೆಯಿಂದ ಮಕ್ಕಳನ್ನು ದೂರ ನಿಲ್ಲಿಸಿ. ಬೆಲ್ಲ ಕೊಳ್ಳುವಾಗ ಹೊಳೆಯುವ ಹಳದಿಯದನ್ನು ಬಿಟ್ಟು ಕಂದು ಬಣ್ಣದ್ದನ್ನು ಆರಿಸಿ; ಬಣ್ಣ ತಿಳಿಯಾಗಿಸಲು ರಾಸಾಯನಿಕ ಬೆರೆಸುವುದುಂಟು.

ಪಾಂಡವಪುರದ ಪಕ್ಕದ ಕುಂತಿಬೆಟ್ಟ ಹತ್ತಲು ಬೇರೊಂದು ಬೆಳಗು ಬೇಕು. ವನವಾಸದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿದ್ದರೆಂದು ನಂಬಿಕೆ. ಬಂಡೆ ಕಡಿದಾಗಿದೆ, ಮಳೆ ಬಿದ್ದ ದಿನ ಬೇಡ.

ವೈರಮುಡಿಗೆ ಬರುವವರಿಗೆ

ಮಾರ್ಚ್–ಏಪ್ರಿಲ್‌ನಲ್ಲಿ, ಮೀನ ಮಾಸದ ಪುಷ್ಯ ನಕ್ಷತ್ರದ ರಾತ್ರಿ ಚೆಲುವನಾರಾಯಣ ವಜ್ರದ ಕಿರೀಟ ಧರಿಸಿ ಬೀದಿಗೆ ಬರುತ್ತಾನೆ. ಪ್ರಹ್ಲಾದನ ಮಗ ವಿರೋಚನ ಕದ್ದೊಯ್ದ ಮುಡಿಯನ್ನು ಗರುಡ ಮರಳಿ ತಂದನೆಂಬುದು ಇದರ ಕಥೆ. ಹಗಲ ಬೆಳಕು ಇದರ ಮೇಲೆ ಬೀಳಬಾರದೆಂಬ ಕಟ್ಟುಪಾಡಿರುವುದರಿಂದ ಉತ್ಸವ ಬೆಳಗಾಗುವ ಮುಂಚೆ ಮುಗಿಯಬೇಕು. ಲಕ್ಷಾಂತರ ಜನ ಸೇರುತ್ತಾರೆ. ವಾಹನಗಳನ್ನು ಊರ ಹೊರಗೇ ತಡೆಯುತ್ತಾರೆ. ಹೋಗುವವರು ಮಧ್ಯಾಹ್ನದೊಳಗೆ ತಲುಪಿ, ಗುಂಪಿನವರು ಚದುರಿದರೆ ಎಲ್ಲಿ ಸೇರಬೇಕೆಂದು ಒಂದು ಜಾಗ ಗೊತ್ತುಮಾಡಿಕೊಳ್ಳಿ, ಚಿಕ್ಕ ಮಕ್ಕಳ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಡಿ.

ವಯಸ್ಸಾದ ಅಪ್ಪ ಅಮ್ಮನನ್ನು ಆ ನೂಕುನುಗ್ಗಲಿಗೆ ಕರೆದೊಯ್ಯುವುದು ನನಗೆ ಒಪ್ಪಿಗೆಯಿಲ್ಲ. ಅವರಿಗೆ ಬೇರೆ ದಾರಿ ಇದೆ. ಕಿರೀಟದ ಪೆಟ್ಟಿಗೆ ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಹೊರಟು, ಪಾಂಡವಪುರ, ಜಕ್ಕನಹಳ್ಳಿಯ ಮೇಲೆ ಹಾದು ಸಂಜೆಗೆ ಬೆಟ್ಟ ಸೇರುತ್ತದೆ. ದಾರಿಯುದ್ದಕ್ಕೂ ಹಳ್ಳಿಹಳ್ಳಿಯಲ್ಲಿ ತೋರಣ ಕಟ್ಟಿ, ರಂಗೋಲಿ ಹಾಕಿ, ಪೆಟ್ಟಿಗೆಗೆ ಪೂಜೆ ಮಾಡಿ, ಬಂದವರಿಗೆ ಪಾನಕ, ಮಜ್ಜಿಗೆ ಕೊಡುತ್ತಾರೆ. ಅಂಥ ಒಂದು ಹಳ್ಳಿಯ ಮರದ ನೆರಳಲ್ಲಿ ಕುರ್ಚಿ ಹಾಕಿ ಅವರನ್ನು ಕೂರಿಸಿ. ಪೆಟ್ಟಿಗೆ ಹತ್ತಿರದಿಂದಲೇ ಹಾದುಹೋಗುತ್ತದೆ. ಚೆಲುವನಾರಾಯಣನ ದರ್ಶನಕ್ಕೆ ಅವರನ್ನು ಜಾತ್ರೆಯ ಗದ್ದಲ ಇಳಿದ ಮೇಲೆ, ವಾರದ ನಡುವಿನ ಒಂದು ಬೆಳಗ್ಗೆ ಕರೆದುಕೊಂಡು ಬನ್ನಿ.